ಪುಣೆಯಲ್ಲಿದ್ದ ಅಯಾಜ

ಪೀರನವಾಡಿ ದಾಟಿ ಬಸ್ಸು ಕಾರ್ಖಾನೆಗಳ ಉದ್ಯಮಬಾಗಕ್ಕೆ ಬರುವಷ್ಟರಲ್ಲಿ ಹಿಂದಿನ ಟಾಯರು ಢಬ್ಬೆಂದು ಒಡೆಯಿತು. "ಇಳೀರಿ, ಎಲ್ಲಾರೂ ಇಳೀರಿ, ಹಿಂದ ಇನ್ನೊಂದ ಗಾಡಿ ಬರ್ತೈತಿ" ಎಂದು ಕಂಡಕ್ಟರು ಕೂಗಿದ. ಖಾನಾಪುರದಿಂದ ಬೆಳಗಾವಿಗೆ ದಿನಾ ಓಡಾಡುವ ಜನ ಗೊಣಗುತ್ತ ಇಳಿದರು. ಪದ್ಮಶ್ರೀಯೂ ಇಳಿದಳು. ಟಿಳಕವಾಡಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಅವಳು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದಳು. ಇವತ್ತು ಮೊದಲ ಕ್ಲಾಸು ತಪ್ಪಿದಂತೆಯೇ ಎಂದುಕೊಂಡು ಮೊಬೈಲು ತೆಗೆದಳು. ಅಯಾಜನ ಮೆಸೇಜು ಬಂದಿತ್ತು.

"ಲ್ಯಾಬಿಗೆ ಹೊಂಟೇನಿ. ನೀ ಇವತ್ತ ಎರಡನೇ ಪ್ಯಾರಾ ಅಷ್ಟ ಬರಿ. ಮೂರನೇದರ ವಿಚಾರ ಮಾಡಬ್ಯಾಡ."

ಅವಳಿಗೆ ನಗು ಬಂತು. ಬಸ್ಸಿನಲ್ಲಿ ಬರುವಾಗ ಅರ್ಜಿಯ ಮೂರನೆಯ ಪ್ಯಾರಾದ ಚಿಂತೆಯನ್ನೇ ಮಾಡುತ್ತಿದ್ದಳು. ಅಷ್ಟು ದೂರ ಪುಣೆಯಲ್ಲಿ ಕೂತವನಿಗೆ ಇದು ಹೇಗೆ ಗೊತ್ತಾಗುತ್ತದೋ!

ತಲೆಯೆತ್ತಿದಳು. ರಸ್ತೆಯ ಆಚೆ ಚಹಾದ ಅಂಗಡಿಯ ಮುಂದೆ ರಾತ್ರಿಪಾಳಿ ಮುಗಿಸಿದ ಫೌಂಡ್ರಿ ಕೆಲಸಗಾರರು ನಿಂತಿದ್ದರು. ಎಲ್ಲರ ಮುಖಕ್ಕೂ ಒಂದೇ ಬಗೆಯ ಮಸಿ. ಅವರಲ್ಲೊಬ್ಬ ಮೊಬೈಲನ್ನು ಅಂಗಿಯ ಕಿಸೆಗೆ ಇಳಿಸಿ, ಚಹಾದ ಗ್ಲಾಸು ಎತ್ತಿಕೊಂಡು, ಯಾರದೋ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಕ್ಕ. ಆ ನಗು ಅವಳಿಗೆ ಗೊತ್ತಿತ್ತು. ಎಂಎಸ್ಸಿಯ ಎರಡು ವರ್ಷ ಅದನ್ನು ಪಕ್ಕದ ಬೆಂಚಿನಿಂದ ಕೇಳಿದ್ದಳು.

ಪದ್ಮಶ್ರೀ ರಸ್ತೆ ದಾಟಿದ್ದು ತನಗೇ ತಿಳಿಯಲಿಲ್ಲ. ಲಾರಿಯೊಂದು ಹಾರ್ನು ಬಾರಿಸುತ್ತ ಬೆನ್ನ ಹಿಂದೆಯೇ ಹಾದುಹೋಯಿತು.

"ಅಯಾಜ?"

ಅವನು ತಿರುಗಿದ. ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಏನೂ ಆಗದವನಂತೆ ಕಾರ್ಖಾನೆಯ ಗೋಡೆಗುಂಟ ನಡೆಯತೊಡಗಿದ. ಓಡಲಿಲ್ಲ. ಓಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

"ಭಾಯಿ, ಯಾರೋ ಕರ್ಯಾಕತ್ತಾರ ನೋಡ" ಎಂದು ಜೊತೆಗಾರನೊಬ್ಬ ಕೂಗಿದ. ಆಗ ನಿಂತ.

"ಯಾವಾಗ ಬಂದಿ?" ಎಂದಳು ಪದ್ಮಶ್ರೀ. ಅವಳಿಗೆ ಹೊಳೆದ ಪ್ರಶ್ನೆ ಅದೊಂದೇ. ರಜೆಗೆ ಬಂದಿರಬಹುದು, ಯಾರನ್ನೋ ನೋಡಲು ಬಂದಿರಬಹುದು ಎಂದು ಮನಸ್ಸು ಇನ್ನೂ ಹೊಯ್ದಾಡುತ್ತಿತ್ತು. ಆದರೆ ಅವನ ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ, ಕೊರಳಲ್ಲಿ ಗುರುತಿನ ಕಾರ್ಡು.

"ದೀಪಾವಳಿ ಮುಂದ" ಎಂದ ಅಯಾಜ.

ಈಗ ಯುಗಾದಿ ಕಳೆದಿತ್ತು.

*

ಇಬ್ಬರೂ ಖಾನಾಪುರದವರು. ಬೆಳಗಾವಿಯಲ್ಲಿ ಸಸ್ಯಶಾಸ್ತ್ರ ಓದಿ, ಹೋದ ವರ್ಷ ಪುಣೆಯ ಒಂದು ಸಂಶೋಧನಾ ಸಂಸ್ಥೆಗೆ ಪಿಎಚ್‌ಡಿಗೆಂದು ಕೂಡಿಯೇ ಅರ್ಜಿ ಹಾಕಿದ್ದರು, ಒಂದೇ ರೈಲಿನಲ್ಲಿ ಸಂದರ್ಶನಕ್ಕೆ ಹೋಗಿದ್ದರು. ಪದ್ಮಶ್ರೀಯ ನಾಲಿಗೆ ಮೊದಲ ಪ್ರಶ್ನೆಗೇ ಒಣಗಿಹೋಯಿತು. ಗೊತ್ತಿದ್ದದ್ದೂ ಬಾಯಿಗೆ ಬರಲಿಲ್ಲ. ಅಯಾಜನಿಗೆ ಸೀಟು ಸಿಕ್ಕಿತು, ಅವಳಿಗೆ ಸಿಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. "ಮುಂದ ಏನವಾ?" ಎಂದು ಯಾರಾದರೂ ಕೇಳಿಯಾರೆಂಬ ಅಂಜಿಕೆ. ಬಾಚಣಿಗೆಯಲ್ಲಿ ಕೂದಲು ಗೊಂಚಲಾಗಿ ಬರುತ್ತಿತ್ತು. ಮೊಬೈಲು ಟಿಣ್ ಎಂದರೆ ಅದನ್ನು ಬೋರಲು ಹಾಕಿಡುತ್ತಿದ್ದಳು. ಮತ್ತೆ ಅರ್ಜಿ ಹಾಕುವ ಮಾತನ್ನು ಅವಳ ತಲೆಗೆ ತುಂಬಿದವನು ಅಯಾಜ. ದಿನಾ ಸಂಜೆ ಪುಣೆಯಿಂದ ಫೋನು ಮಾಡುತ್ತಿದ್ದ. ಒಂದು ಸಲಕ್ಕೆ ಒಂದೇ ಪ್ಯಾರಾ ಬರೆ ಎನ್ನುತ್ತಿದ್ದ. ಹೋದ ವರ್ಷದ ಅರ್ಜಿ ತೆಗೆದು ನೋಡಬೇಡ, ಊಟ ಬಿಡಬೇಡ, ಭಾನುವಾರ ಪುಸ್ತಕ ಮುಚ್ಚಿಟ್ಟು ಕಣಕುಂಬಿಗೆ ಹೋಗಿ ನಿನ್ನ ಹಾವಸೆ ನೋಡಿಕೊಂಡು ಬಾ ಎನ್ನುತ್ತಿದ್ದ. ಕಣಕುಂಬಿಯ ಹಳ್ಳದ ಬಂಡೆಗಳ ಮೇಲೆ ಬೆಳೆಯುವ ಹಾವಸೆ ಬೇಸಿಗೆಯಲ್ಲಿ ಒಣಗಿ ಸತ್ತಂತಾಗಿ, ನೀರು ಬಿದ್ದರೆ ಮತ್ತೆ ಹಸಿರಾಗುವುದರ ಮೇಲೆಯೇ ಅವಳು ಸಂಶೋಧನೆ ಮಾಡಬೇಕೆಂದಿದ್ದಳು. ನಡುನಡುವೆ ಅವನು ತನ್ನ ಸುದ್ದಿಯನ್ನೂ ಹೇಳುತ್ತಿದ್ದ. ಕ್ಯಾಂಟೀನಿನ ಪೋಹೆ ಇವತ್ತು ಉಪ್ಪಾಗಿತ್ತು, ಗೈಡು ಊರಲ್ಲಿಲ್ಲ, ಮಧ್ಯಾಹ್ನ ಜೋರು ಮಳೆ.

ದೀಪಾವಳಿಯಿಂದ ಈಚೆಗೆ ಆ ಮಾತುಗಳನ್ನೆಲ್ಲ ಅವನು ಹೇಳಿದ್ದು ಅವಳ ಬಸ್ಸು ದಿನಕ್ಕೆರಡು ಸಲ ಹಾಯುವ ಈ ರಸ್ತೆಯಿಂದ!

*

ಚಹಾದಂಗಡಿಯ ಹಿಂದೆ, ತುಕ್ಕು ಹಿಡಿದ ಡ್ರಮ್ಮುಗಳ ನಡುವೆ ನಿಂತು ಅಯಾಜ ಹೇಳಿದ. ದನಿಯಲ್ಲಿ ಏರಿಳಿತವಿರಲಿಲ್ಲ.

"ಮೊದಲ ತಿಂಗಳ ಚಲೋ ಇತ್ತು. ಆಮ್ಯಾಲ ನಿದ್ದಿ ಹೋತು. ಸೆಮಿನಾರದಾಗ ನಿಂತ್ರ ಕೈ ನಡಗಾಕ ಹತ್ತಿದ್ವು, ಉಸಿರ ಸಿಗವಲ್ದು. ಎದಿ ಒಡೀತೈತಿ ಅಂತ ದವಾಖಾನಿಗೆ ಹೋದ್ರ ಏನೂ ಇಲ್ಲಪ್ಪಾ ಅಂದ್ರು. ಒಂದ ದಿನ ಬ್ಯಾಗ ತಗೊಂಡು ಸ್ಟೇಷನ್ನಿಗೆ ಬಂದೆ. ಬೆಳಗಾವ್ಯಾಗ ಇಳದೆ. ಖಾನಾಪುರದ ಬಸ್ಸ ಹತ್ತಾಕ ಕಾಲ ಬರಲಿಲ್ಲ, ಪದ್ಮಾ. ಅಬ್ಬಾ ಪ್ಯಾಟಿ ತುಂಬ ಹೇಳ್ಯಾರ, ನನ್ನ ಮಗ ಡಾಕ್ಟರೇಟ ಮಾಡಾಕತ್ತಾನ ಅಂತ."

"ಇಲ್ಲಿ ಏನ ಮಾಡ್ತಿ?"

"ಮರಳ ಕಲಸ್ತೀನಿ. ಎರಕದ ಅಚ್ಚಿಗೆ. ಮಚ್ಛೆದಾಗ ಒಂದ ಖೋಲಿ ಐತಿ. ಇಲ್ಲಿ ಯಾರೂ ಪ್ರಶ್ನಿ ಕೇಳೂದಿಲ್ಲ."

"ಮೊನ್ನೆ ಈದಿಗೆ ಬಂದಿದ್ದೆಲ್ಲೊ! ನಿಮ್ಮ ಅಮ್ಮೀ ನಮ್ಮನಿಗೆ ಬಾಕರವಡಿ ತಂದಕೊಟ್ರು, ಪುಣೇದ್ದು ಅಂತ!"

"ಬೆಳಗಾವ್ಯಾಗ ಸಿಗ್ತೈತಿ."

"ಮತ್ತ ಮಳಿ? ಜೋರ ಮಳಿ ಬಂತು ಅಂತಿದ್ದೆಲ್ಲ?"

"ಫೋನಿನ್ಯಾಗ ಪುಣೆ ಹವಾ ನೋಡಿ ಹೇಳತಿದ್ದೆ."

ಉಳಿದದ್ದನ್ನೆಲ್ಲ ಹೇಗೋ ನುಂಗಿಕೊಂಡಿದ್ದ ಪದ್ಮಶ್ರೀಗೆ ಈ ಮಳೆಯ ಮಾತು ಮಾತ್ರ ಇಳಿಯಲಿಲ್ಲ. ದಿನಾ ಕೆಲಸಕ್ಕೆ ಹೋಗುವ ಮುಂಚೆ ತಾನಿಲ್ಲದ ಊರಿನ ಮಳೆ ಬಿಸಿಲನ್ನು ನೋಡಿಕೊಳ್ಳುತ್ತಿದ್ದನೆ ಇವನು?

"ನಾ ನಿನ್ನ ಮಾತ ನಂಬಿ ಮತ್ತ ಅರ್ಜಿ ಹಾಕಾಕ ಕುಂತೇನಿ" ಎಂದಳು. ದನಿ ತನ್ನದಲ್ಲವೆನ್ನಿಸುವಷ್ಟು ಸಣ್ಣಗಾಗಿತ್ತು. "ಅಲ್ಲಿ ಹೋಗಿ ನಿನಗ ಹಿಂಗಾತು ಅಂದ್ರ, ನನ್ನ ಯಾಕ ಅಲ್ಲಿಗೇ ನೂಕಾಕತ್ತಿ?"

"ನೂಕಿಲ್ಲ. ನಿನಗ ಹೇಳೂಮುಂದ ನನಗೂ ಒಂಚೂರು ಅರಾಮ ಅನಸ್ತಿತ್ತು. ನೀ ಫೋನ ಇಟ್ಟಮ್ಯಾಲ ನಿದ್ದಿ ಬರ್ತಿತ್ತು." ಗುರುತಿನ ಕಾರ್ಡನ್ನು ಅಂಗಿಯೊಳಗೆ ಸೇರಿಸುತ್ತ ಹೇಳಿದ, "ಊರಾಗ ಹೇಳಬ್ಯಾಡ."

ಕಂಡಕ್ಟರು ಹೇಳಿದ್ದ ಇನ್ನೊಂದು ಬಸ್ಸು ಬಂತು. ಅವಳು ಮಾತು ಕೊಡದೆಯೇ ಹೋಗಿ ಹತ್ತಿಕೊಂಡಳು. ಅಂದು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು, ಅದರ ಭಾಗಗಳ ಹೆಸರು ಬರೆಯಲು ಸೀಮೆಸುಣ್ಣ ಎತ್ತಿ, ಹಾಗೇ ನಿಂತುಬಿಟ್ಟಳು. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

*

ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿತ್ತು. ಪದ್ಮಶ್ರೀ ಲ್ಯಾಪ್‌ಟಾಪು ತೆರೆಯುವಳು, ಮುಚ್ಚುವಳು. ತನಗಿಂತ ಜಾಣ, ತನಗಿಂತ ಗಟ್ಟಿ ಎಂದು ಯಾರನ್ನು ನಂಬಿದ್ದಳೋ ಅವನೇ ಮುರಿದು ಬಿದ್ದಿದ್ದ. ಇನ್ನು ತನ್ನ ಗತಿಯೇನು? ಅಯಾಜ ಮೆಸೇಜು ಕಳಿಸುವುದನ್ನು ನಿಲ್ಲಿಸಿದ್ದ. ಸಿಟ್ಟು ಬಂದಾಗಲೆಲ್ಲ ಹಳೆಯ ಮೆಸೇಜುಗಳನ್ನು ಅಳಿಸಬೇಕೆಂದು ತೆಗೆಯುವಳು, ಓದುವಳು, ಅಳಿಸದೆ ಇಡುವಳು. ವಿಚಿತ್ರವೆಂದರೆ ಅವನು ಹೇಳಿದ್ದು ಸುಳ್ಳಿನ ನಡುವಿನಿಂದ ಬಂದರೂ ಕೆಲಸ ಮಾಡುತ್ತಿತ್ತು. ಒಂದು ಸಂಜೆಗೆ ಒಂದೇ ಪ್ಯಾರಾ. ಹಾಗೆಯೇ ಮುಗಿಸಿದಳು, ಕಳಿಸಿದಳು.

ಮೇ ತಿಂಗಳಲ್ಲಿ ಸಂದರ್ಶನದ ಕರೆ ಬಂತು. ಪ್ರಾಥಮಿಕ ಶಾಲೆಯ ಮಾಸ್ತರರಾದ ಅಪ್ಪ ಬಸಲಿಂಗಪ್ಪ ಆ ಸುದ್ದಿಯನ್ನು ಸಂತೆಯಲ್ಲಿ ಯಾರಿಗೋ ಹೇಳಿದರು. ಮರುದಿನ ಬೆಳಿಗ್ಗೆ ಅಯಾಜನ ತಾಯಿ ಗುಲಶನ ಇವರ ಮನೆಗೆ ಬಂದರು. ಮುಖದಲ್ಲಿ ಹಬ್ಬದ ಕಳೆ.

"ಪದ್ಮಾ, ನೀ ಪುಣೆಗೆ ಹೊಂಟೀಯಂತ? ನಾನೂ ಬರ್ತೀನಿ ನಿನ್ನ ಕೂಡ. ನನ್ನ ಮಗ ಹೋಗಿ ವರ್ಷ ಆಗಾಕ ಬಂತು, ಅವ ಇರೂ ಜಾಗಾ ಒಮ್ಮೆನೂ ನೋಡಿಲ್ಲ. ಅವಗ ಹೇಳಬ್ಯಾಡ ಮತ್ತ. ಒಮ್ಮೆಲೇ ಹೋಗಿ ಬಾಗಿಲದಾಗ ನಿಂದರೂಣು."

ಪದ್ಮಶ್ರೀಯ ಕೈಯಲ್ಲಿದ್ದ ಚಹಾ ತಟ್ಟೆಯ ತುಂಬ ಚೆಲ್ಲಿತು. "ಯಾಕವಾ?" ಎಂದಳು ಅವ್ವ. "ಬಿಸಿ ಇತ್ತು" ಎಂದಳು.

ಅಂದೇ ಮಧ್ಯಾಹ್ನ ಅಯಾಜನಿಗೆ ಫೋನು ಮಾಡಿದಳು. ಅವನ ತಾಯಿ ಹೇಳಿದ್ದನ್ನು ತಿಳಿಸಿದಳು.

"ಹೆಂಗಾರ ಮಾಡಿ ತಪ್ಪಸು" ಎಂದ ಅವನು. "ಟಿಕೀಟ ಸಿಗಲಿಲ್ಲ ಅಂತ ಹೇಳು. ನಿನ್ನ ಕಾಲ ಬೀಳ್ತೀನಿ."

"ನಾ ಸುಳ್ಳ ಹೇಳೂದಿಲ್ಲ, ಅಯಾಜ. ಖರೇನೂ ನಾ ಹೇಳೂದಿಲ್ಲ, ಅದು ನಿಂದು. ನಮ್ಮ ರೈಲು ಬೆಳಗಾವಿ ಸ್ಟೇಷನ್ನಿನ್ಯಾಗ ನಿಂದರತೈತಿ. ನೀ ಬಾ. ಬರಲಿಲ್ಲಂದ್ರ ಅವರು ಪುಣೆ ತನಕಾ ಬರ್ತಾರ. ಅಲ್ಲಿ ಆ ಬಾಗಿಲದಾಗ ನಿಂತು ಕೇಳ್ತಾರ. ಆವಾಗ ಏನ ಮಾಡೂಣು ನೀನ ಹೇಳು."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ರೈಲಿನ ದಿನ, ಹೊತ್ತು, ಬೋಗಿಯ ನಂಬರು ಬರೆದು ಮೆಸೇಜು ಹಾಕಿದಳು.

*

ಖಾನಾಪುರ ಬಿಟ್ಟ ರೈಲಿನಲ್ಲಿ ಗುಲಶನ ಕಿಟಕಿಯ ಪಕ್ಕ ಕೂತಿದ್ದರು. ಕಾಲ ಬಳಿ ಚೀಲ, ತೊಡೆಯ ಮೇಲೆ ಡಬ್ಬಿ. ಎರಡು ದಿನ ಒಲೆಯ ಮುಂದಿದ್ದು ಮಾಡಿದ ತಿಂಡಿ. "ಅವಗ ಮೆಸ್ಸಿನ ಊಟ ಹಿಡಸೂದಿಲ್ಲ. ಈದಿಗೆ ಬಂದಾಗ ನೋಡಿದ್ಯಲ್ಲ, ಎಷ್ಟ ಸೊರಗಿದ್ದ. ಕೈ ಸುದ್ದಾ ಒರಟಾಗಿದ್ವು. ಲ್ಯಾಬಿನ್ಯಾಗ ಆಸಿಡ್ಡು ಗೀಸಿಡ್ಡು ಇರ್ತಾವಂತಲ್ಲ" ಎಂದರು. ಪದ್ಮಶ್ರೀ ಹೂಂಗುಟ್ಟಿದಳು. ನಾಳೆಯ ಸಂದರ್ಶನಕ್ಕೆಂದು ಹಿಡಿದಿದ್ದ ಹಾಳೆಗಳಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ದೇಸೂರು ಹೋಯಿತು. ಮಚ್ಛೆಯ ಮನೆಗಳು ಕಂಡವು. ಆಚೆ ಉದ್ಯಮಬಾಗದ ಚಿಮಣಿಗಳನ್ನು ಗುಲಶನ ಸುಮ್ಮನೆ ನೋಡುತ್ತ ಕೂತಿದ್ದರು. ಪದ್ಮಶ್ರೀ ಕಣ್ಣು ಮುಚ್ಚಿಕೊಂಡಳು.

ಬೆಳಗಾವಿಯಲ್ಲಿ ರೈಲು ನಿಂತಿತು. ಜನ ನುಗ್ಗಿದರು. ಅವನಿಲ್ಲ. ಬರುವುದಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಬಾಗಿಲ ಹತ್ತಿರದ ಗದ್ದಲದಲ್ಲಿ ನೀಲಿ ಅಂಗಿಯೊಂದು ಕಂಡಿತು. ಪಾಳಿಯ ನಡುವೆಯೇ ಎದ್ದು ಬಂದಿದ್ದನೇನೋ, ಕೂದಲಲ್ಲಿ ಮರಳಿತ್ತು.

"ಅರೆ ಅಯಾಜ!" ಗುಲಶನ ಎದ್ದೇ ನಿಂತರು. ಮುಖವೆಲ್ಲ ಅರಳಿತು. "ತೂ ಯಹಾಂ ಕೈಸಾ ರೇ, ನೀ ಇಲ್ಲಿ ಹೆಂಗ? ಪದ್ಮಾ, ನೀ ಹೇಳಿಬಿಟ್ಟೆಲ್ಲ! ನೋಡ, ಅಮ್ಮೀನ ಕರಕೊಂಡ ಹೋಗಾಕ ಪುಣೆಯಿಂದ ಬಂದಾನ!" ಅಕ್ಕಪಕ್ಕದವರಿಗೆಲ್ಲ ಹೇಳಿದರು, "ನನ್ನ ಮಗಾರೀ. ಪುಣೆದಾಗ ಪಿಎಚ್‌ಡಿ ಮಾಡ್ತಾನ."

ಎದುರು ಸೀಟಿನವರೊಬ್ಬರು ಅವನ ಅಂಗಿ ನೋಡಿದರು, ಬೂಟು ನೋಡಿದರು.

"ಅಮ್ಮೀ, ಇಳೀರಿ" ಎಂದ ಅಯಾಜ.

"ಯಾಕ? ಗಾಡಿ ಬಿಡ್ತೈತಿ. ನೀನ ಕುಂದರು."

"ನಾ ಪುಣೆದಾಗ ಇಲ್ಲ." ಅವನು ಸೀಟಿನ ಅಂಚು ಹಿಡಿದುಕೊಂಡ. "ದೀಪಾವಳಿಯಿಂದ ಇಲ್ಲ. ಇಲ್ಲೇ ಉದ್ಯಮಬಾಗದಾಗ ಕೆಲಸಕ್ಕ ಅದೀನಿ. ಅಲ್ಲಿ ನನಗ ಆಗಲಿಲ್ಲ, ಅಮ್ಮೀ. ತಲಿ ಕೆಟ್ಟಂಗಾಗಿತ್ತು. ಹೇಳಾಕ ಬರಲಿಲ್ಲ."

ಗುಲಶನರ ಮುಖದ ಮೇಲಿನ ನಗು ಕೂಡಲೇ ಹೋಗಲಿಲ್ಲ. ಅದು ಹಾಗೆಯೇ ಉಳಿದು, ಕಣ್ಣುಗಳಷ್ಟೇ ಬದಲಾದವು. ಮಗನ ಅಂಗಿಯ ಎದೆಯನ್ನು ಬೆರಳಿನಿಂದ ಮುಟ್ಟಿದರು, ಅದು ನಿಜವಾಗಿ ಅಲ್ಲಿದೆಯೇ ಎಂದು ನೋಡುವವರ ಹಾಗೆ. ಆಮೇಲೆ ನಿಧಾನವಾಗಿ ಪದ್ಮಶ್ರೀಯ ಕಡೆ ತಿರುಗಿದರು.

"ನಿನಗ ಗೊತ್ತಿತ್ತು?"

ಪದ್ಮಶ್ರೀ ಹೌದೆಂದು ತಲೆಯಾಡಿಸಿದಳು.

"ಎರಡ ದಿನ ನಾ ಅಡಗಿ ಮಾಡೂದು ನೋಡಿದಿ. ಮನಿಗೆ ಬಂದು ಉಪ್ಪು ಖಾರ ನೋಡಿ ಹೋದಿ."

ಗುಲಶನ ಚೀಲ ಎತ್ತಿಕೊಂಡರು. ಅಯಾಜ ಕೈ ಚಾಚಿದರೆ ಕೊಡಲಿಲ್ಲ, ತಾವೇ ಹೊತ್ತು ಇಳಿದರು. ರೈಲು ಅಲುಗಿತು. ಪ್ಲಾಟ್‌ಫಾರ್ಮಿನ ಮೇಲೆ ತಾಯಿ ಮಗ ಒಬ್ಬರಿಗೊಬ್ಬರು ಮೂರು ಮಾರು ದೂರ ನಿಂತಿದ್ದರು. ಮುಂದೇನು ಮಾಡಬೇಕೆಂಬುದು ಇಬ್ಬರಿಗೂ ಗೊತ್ತಿದ್ದಂತಿರಲಿಲ್ಲ.

ಡಬ್ಬಿ ಸೀಟಿನ ಮೇಲೆಯೇ ಉಳಿದಿತ್ತು.

*

ಮರುದಿನ ಸಂದರ್ಶನದಲ್ಲಿ ಹೋದ ವರ್ಷದ ಭಯವೇ ಇರಲಿಲ್ಲ. ಭಯಪಡುವ ಜಾಗವೇ ಮರಗಟ್ಟಿದಂತಿತ್ತು. "ನೀವು ಹೋದ ವರ್ಷವೂ ಬಂದಿದ್ದಿರಿ. ಈಗ ಏನು ಬದಲಾಗಿದೆ?" ಎಂದು ಕೇಳಿದರು. ಈ ಪ್ರಶ್ನೆಗೆ ಅಯಾಜ ಅವಳಿಗೆ ಒಳ್ಳೆಯ ಉತ್ತರವೊಂದನ್ನು ಕಲಿಸಿದ್ದ. ಅದನ್ನು ಹೇಳಲು ಬಾಯಿ ಬರಲಿಲ್ಲ. ಕಣಕುಂಬಿಯ ಹಾವಸೆಯ ವಿಷಯ ಹೇಳಿದಳು. ಯಾವ ಬಂಡೆಯದು ಬೇಗ ಚೇತರಿಸಿಕೊಳ್ಳುತ್ತದೆ, ಯಾವುದು ತಡವಾಗಿ, ಯಾವುದು ಚೇತರಿಸಿಕೊಳ್ಳುವುದೇ ಇಲ್ಲ ಎಂದು. "ಯಾಕೆ ಚೇತರಿಸಿಕೊಳ್ಳುವುದಿಲ್ಲ?" ಎಂದರು. "ಗೊತ್ತಿಲ್ಲ" ಎಂದಳು. ಅವರು ಬರೆದುಕೊಂಡರು. ಹೊರಗೆ ಬಂದು ಮರದ ಕೆಳಗೆ ಕೂತು, ಗುಲಶನರ ಡಬ್ಬಿ ತೆರೆದು, ತಿನ್ನಲೂ ಆಗದೆ ಚೆಲ್ಲಲೂ ಆಗದೆ ಮುಚ್ಚಿ ತಂದಳು.

ಊರಿಗೆ ಬಂದಮೇಲೆ ಸುದ್ದಿ ತಿಳಿಯಿತು. ಅಯಾಜ ಮನೆಗೆ ಬಂದಿದ್ದಾನೆ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತಂದೆ ಸನಾಉಲ್ಲಾ ಬಹಳ ದಿನ ಅವನೊಂದಿಗೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ, ಮಗನನ್ನು ತಾವೇ ಬೈಕಿನ ಮೇಲೆ ಕೂರಿಸಿಕೊಂಡು ಬೆಳಗಾವಿಯ ಮನೋವೈದ್ಯರ ಹತ್ತಿರ ಹೋದರು. ಗುಲಶನ ಮಾತ್ರ ದಾರಿಯಲ್ಲಿ ಎದುರಾದರೆ ಪದ್ಮಶ್ರೀಯನ್ನು ನೋಡದವರ ಹಾಗೆ ದಾಟಿಹೋಗುತ್ತಿದ್ದರು. ತೊಳೆದ ಡಬ್ಬಿಯನ್ನು ಅವ್ವನೇ ಕೊಟ್ಟುಬಂದಳು.

ಜೂನಿನಲ್ಲಿ, ಕ್ಲಾಸು ಮುಗಿಸಿ ಮೆಟ್ಟಿಲಿಳಿಯುವಾಗ ಮೇಲ್ ಬಂತು. ಆಯ್ಕೆಯಾಗಿಲ್ಲ.

ನಿಂತು ಮತ್ತೊಮ್ಮೆ ಓದಿದಳು. ಅಳು ಬರಲಿಲ್ಲ. ಬಸ್ಸು ಹತ್ತಿದಳು, ಸೀಟು ಹಿಡಿದಳು, ಮನೆ ಮುಟ್ಟಿದಳು. ಅಪ್ಪ ಊಟಕ್ಕೆ ಕೂತಿದ್ದರು. "ಏನರ ಬಂತೇನವಾ ಪುಣೆದ್ದು?" ಎಂದರು.

"ಇನ್ನೂ ಇಲ್ಲಪ್ಪಾ" ಎಂದಳು ಪದ್ಮಶ್ರೀ. "ಮುಂದಿನ ವಾರ ಬಿಡ್ತಾರಂತ. ಈ ಸಲ ಜನಾ ಬಾಳ ಇದ್ರಂತ, ಅದಕ್ಕ ತಡಾ."

ಒಳಗೆ ಹೋಗಿ ಕೈಕಾಲು ತೊಳೆಯಲು ತಂಬಿಗೆ ಎತ್ತಿದಾಗ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ತಂಬಿಗೆಯ ನೀರನ್ನೆಲ್ಲ ಒಮ್ಮೆಲೇ ಕಾಲ ಮೇಲೆ ಸುರಿದುಕೊಂಡಳು. ಯಾರೂ ಕೇಳದೆಯೇ ಮುಂದಿನ ವಾರ ಎಂಬ ಮಾತು ಬಾಯಿಗೆ ಬಂದಿತ್ತು, ಜನ ಬಹಳ ಇದ್ದರು ಎಂಬುದೂ ಬಂದಿತ್ತು. ಒಂದು ಚೂರೂ ತಡವರಿಸಿರಲಿಲ್ಲ. ಇಷ್ಟು ಸಲೀಸೆ ಇದು? ಉದ್ಯಮಬಾಗದಲ್ಲಿ ಅಯಾಜನನ್ನು ಕಂಡ ಬೆಳಿಗ್ಗೆಯೂ ಅವಳು ಇಷ್ಟು ಹೆದರಿರಲಿಲ್ಲ. ನಾಳೆ ಅಪ್ಪ ಮತ್ತೆ ಕೇಳುತ್ತಾರೆ, ನಾಳೆಗೆ ಇನ್ನೊಂದು ಬೇಕು. ಅದೂ ಸಿದ್ಧವಾಗುತ್ತಿತ್ತು, ಒಳಗೆಲ್ಲೋ, ತಾನೇ ತಾನಾಗಿ.

ಒದ್ದೆಗಾಲಿನಲ್ಲೇ ಹೊರಗೆ ಬಂದಳು.

"ಅಪ್ಪಾ, ಸುಳ್ಳ ಹೇಳಿದೆ. ಬಂದೈತಿ. ಆಗಿಲ್ಲ."

ಬಸಲಿಂಗಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಅವ್ವ ಒಲೆಯ ಕಡೆಯಿಂದ ತಿರುಗಿದಳು.

"ಮತ್ತ ಇಲ್ಲ ಅಂತ ಯಾಕ ಅಂದಿ?"

"ಗೊತ್ತಿಲ್ಲ. ತಾನ ಬಾಯಾಗ ಬಂತು."

"ನಾ ಏನ ಬೈತಿದ್ನೇನ?" ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಮಗಳಿಗೆ ಸೀಟು ಸಿಗದ ಸುದ್ದಿ ಅವರಿಗಿನ್ನೂ ಮುಟ್ಟಿದಂತಿರಲಿಲ್ಲ, ತನಗೆ ಹೆದರಿದಳೆಂಬುದೇ ಮೊದಲು ಮುಟ್ಟಿತ್ತು.

"ಇಲ್ಲಪ್ಪಾ. ನೀ ಬೈತಿದ್ದಿಲ್ಲ. ನೀ ಕುಂತ ರೀತಿ ನೋಡಿ, ಇವತ್ತ ಒಂದಿನ ಅರಾಮ ಉಣ್ಣಲಿ ಅನಿಸ್ತು."

ಬಸಲಿಂಗಪ್ಪ ತಮ್ಮ ಪಕ್ಕ ಮಣೆ ಸರಿಸಿ, "ಕುಂದರು. ಮುಂದಿಂದು ಮುಂದ ನೋಡೂಣು. ಮೊದಲ ಉಣ್ಣು" ಎಂದರು. ತಾವು ಮಾತ್ರ ಅರ್ಧ ರೊಟ್ಟಿ ಬಿಟ್ಟೆದ್ದರು. ಪದ್ಮಶ್ರೀ ಪೂರಾ ಉಂಡಳು. ಹಸಿವಾಗಿತ್ತು ಎಂಬುದೇ ಅವಳಿಗೆ ಆಶ್ಚರ್ಯ.

ಇನ್ನೂ ಬೆಳಕಿತ್ತು. ಸೀದಾ ಅಯಾಜನ ಮನೆಗೆ ನಡೆದಳು. ಗುಲಶನ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಒಳಗೆ ಹೊಲಿಗೆ ಮಷೀನಿನ ಬಳಿ ಅಯಾಜ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದ. ಮೈ ತುಂಬಿಕೊಂಡಿದ್ದ.

"ಚಾಚೀ, ಪುಣೆದ್ದು ಆಗಲಿಲ್ಲ" ಎಂದಳು. "ಮನ್ಯಾಗ ಅಪ್ಪಗ ಮೊದಲ ಸುಳ್ಳ ಹೇಳಿದೆ. ಆಮ್ಯಾಲ ಖರೇ ಹೇಳಿ ಇಲ್ಲಿಗೆ ಬಂದೆ."

ಗುಲಶನ ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ. ಮಷೀನು ನಿಂತಿತು.

"ಎಷ್ಟೊತ್ತ ಆದಮ್ಯಾಲ ಖರೇ ಹೇಳಿದಿ?" ಎಂದರು. ರೈಲಿನ ನಂತರ ಅವರು ಅವಳೊಂದಿಗೆ ಆಡಿದ ಮೊದಲ ಮಾತು.

"ಕಾಲ ತೊಳಿಯೂದ್ರಾಗ."

"ಇವ ಆರೇಳ ತಿಂಗಳ ತಗೊಂಡ." ಬೆಳ್ಳುಳ್ಳಿಯ ಸಿಪ್ಪೆಯನ್ನು ಅಂಗಳಕ್ಕೆ ಊದಿದರು. "ಮತ್ತ ಹಾಕ್ತೀಯೇನ?"

"ಧಾರವಾಡ ಯುನಿವರ್ಸಿಟೀದ ಅರ್ಜಿ ಈ ತಿಂಗಳ ಐತಿ. ಹಾಕ್ತೀನಿ."

"ಹೆದರಿಕಿ?"

"ಬಾಳ."

ಒಳಗಿನಿಂದ ಅಯಾಜ ಎದ್ದು ಬಂದು ಹೊಸ್ತಿಲಲ್ಲಿ ನಿಂತಿದ್ದ. ಅವನನ್ನು ಕೇಳದೆ ಪದ್ಮಶ್ರೀಗೆ ಆಗಲಿಲ್ಲ. "ನೀ?"

"ಈ ವರ್ಷ ಇಲ್ಲ" ಎಂದ. "ಮುಂದ ಗೊತ್ತಿಲ್ಲ. ಡಾಕ್ಟರು ಅವಸರ ಬ್ಯಾಡ ಅಂದಾರ. ನಿನ್ನ ಅರ್ಜಿ ಓದಿ ಹೇಳ್ತೀನಿ ಬೇಕಾದ್ರ. ಇಲ್ಲೇ ಕುಂತು."

ಗುಲಶನ ಸರಿದು ಹೊಸ್ತಿಲ ಪಕ್ಕ ಜಾಗ ಮಾಡಿದರು. "ಬಾ, ಕುಂದರು. ಇಬ್ಬರೂ ಏನ ಹೆದರೂದೈತಿ, ಇಲ್ಲೇ ನನ್ನ ಕಣ್ಣಮುಂದ ಹೆದರ್ರಿ" ಎಂದು ಬೆಳ್ಳುಳ್ಳಿಯ ಬುಟ್ಟಿಯನ್ನು ಅವಳ ಕಡೆ ನೂಕಿದರು. ಪದ್ಮಶ್ರೀ ಕೂತು ಒಂದು ಗಡ್ಡೆ ಎತ್ತಿಕೊಂಡಳು. ಅಯಾಜ ಲ್ಯಾಪ್‌ಟಾಪು ಎಲ್ಲಿ ಎಂದು ಕೇಳಿದ. ತಂದಿಲ್ಲ, ನಾಳೆ ತರುತ್ತೇನೆ ಎಂದಳು.